ಕಕ್ಕಡ ತಿಂಗಳ ತಟ್ಟೆ

ಜುಲೈ ಕೊನೆಯ ಶುಕ್ರವಾರ ಮಡಿಕೇರಿಯ ಸಂತೆಗೆ ಹೋದರೆ ಕೊಡಗಿನ ಮಳೆಗಾಲದ ಊಟ ಏನೆಂಬುದು ಅಡುಗೆಮನೆಗೆ ಕಾಲಿಡುವ ಮೊದಲೇ ತಿಳಿದುಬಿಡುತ್ತದೆ. ಮಹದೇವಪೇಟೆಯ ಕಡೆಯ ಇಳಿಜಾರಿನಲ್ಲಿ ಕೊಡೆಗೆ ಕೊಡೆ ತಾಗುತ್ತಿರುತ್ತದೆ. ಮೈಸೂರು, ಹುಣಸೂರಿನ ಕಡೆಯಿಂದ ಬಂದ ಟೊಮೆಟೊ, ಎಲೆಕೋಸು ದೊಡ್ಡ ರಾಶಿಗಳಲ್ಲಿ ಕೂತಿರುತ್ತವೆ. ನೋಡಬೇಕಾದದ್ದು ಅವನ್ನಲ್ಲ. ಪ್ಲಾಸ್ಟಿಕ್ ಹಾಳೆಯ ಅಂಚಿನಲ್ಲಿ ಸಣ್ಣ ಗುಡ್ಡೆ ಮಾಡಿಕೊಂಡು ಕುಳಿತ ಹೆಂಗಸರನ್ನು. ಅವರ ಮುಂದೆ ಬಾಳೆನಾರಿನಲ್ಲಿ ಕಟ್ಟಿದ ತೆರ್ಮೆ ಸೊಪ್ಪು, ತುದಿ ಇನ್ನೂ ಸುರುಳಿ ಬಿಚ್ಚದ ಎಳೆಯ ಜರೀಗಿಡ. ಪಕ್ಕದ ಬಕೆಟ್ಟಿನ ನೀರಿನಲ್ಲಿ ಹೆಚ್ಚಿಟ್ಟ ಕಣಿಲೆ. ಕೆಸುವಿನ ಎಲೆ. ಎಲ್ಲೋ ಒಬ್ಬರ ಬುಟ್ಟಿಯಲ್ಲಿ ಹುತ್ತದ ಅಣಬೆ, ಅದೂ ಬೆಳಿಗ್ಗೆ ಬೇಗ ಬಂದವರಿಗೆ ಮಾತ್ರ. ಆಗಸ್ಟ್ ಹತ್ತಿರವಾಗುತ್ತಿದ್ದ ಹಾಗೆ ಇವುಗಳ ಜೊತೆಗೆ ಮದ್ದು ಸೊಪ್ಪಿನ ಕಟ್ಟುಗಳೂ ಕಾಣಿಸಿಕೊಳ್ಳುತ್ತವೆ.

ಕೊಡವರ ಲೆಕ್ಕದಲ್ಲಿ ಇದು ಕಕ್ಕಡ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಈ ಊರಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಸುರಿಯುವುದು ಇದೇ ದಿನಗಳಲ್ಲಿ. ಹಿಂದೆ ಈ ತಿಂಗಳು ಗದ್ದೆ ನಾಟಿಯ ದುಡಿಮೆಯದ್ದು. ಮದುವೆಯಿಲ್ಲ, ಹಬ್ಬವಿಲ್ಲ, ದಾರಿ ಹಳ್ಳಗಳು ತುಂಬಿ ಪೇಟೆಗೆ ಹೋಗುವುದೂ ಕಷ್ಟ. ಮನೆಯ ಸುತ್ತ ಮಳೆ ಏನನ್ನು ಎಬ್ಬಿಸುತ್ತದೋ ಅದೇ ಊಟ. ನಾವು 'ಕೂರ್ಗ್ ಫುಡ್' ಎಂದು ಫಲಕ ನೋಡಿ ಒಳಹೋಗುವ ಅಡುಗೆಯ ಬೇರು ಇಲ್ಲಿದೆ.

ಮಡಿಕೇರಿಯಲ್ಲಿ ಕೊಡವ ಊಟ ಹುಡುಕುವುದು ಈಗ ಕಷ್ಟವಲ್ಲ. ಕೂರ್ಗ್ ಕ್ಯುಸಿನ್, ರೇನ್‌ಟ್ರೀ ಎಂಬ ಹೆಸರುಗಳನ್ನು ಪ್ರವಾಸಿಗರು ಊರು ಸೇರುವ ಮೊದಲೇ ಗುರುತು ಹಾಕಿಕೊಂಡಿರುತ್ತಾರೆ. ನಾನು ಈ ಸಲ ಹೋದದ್ದು ಇವೆರಡಕ್ಕೂ ಅಲ್ಲ. ಮನೆಯ ಮುಂಭಾಗವನ್ನೇ ಊಟದ ಕೋಣೆ ಮಾಡಿಕೊಂಡ, ಬೆರಳೆಣಿಕೆಯ ಮೇಜುಗಳ ಒಂದು ಸಣ್ಣ ಜಾಗಕ್ಕೆ. ಹೆಸರು ಬರೆಯಬೇಡಿ ಎಂದರು ಒಡತಿ. ವಾರಾಂತ್ಯದಲ್ಲಿ ಈಗ ಬರುವವರಿಗೇ ಬಡಿಸಿ ಮುಗಿಸುವುದಾಗುತ್ತಿಲ್ಲವಂತೆ. ಹಾಗಾಗಿ ಬರೆಯುತ್ತಿಲ್ಲ. ಹಂಚಿನ ಮಾಡು, ಕೆಂಪು ನೆಲ, ಗೋಡೆಯಲ್ಲಿ ಸೇನೆಯ ಸಮವಸ್ತ್ರ ತೊಟ್ಟ ಹಿರಿಯರೊಬ್ಬರ ಚಿತ್ರ. ಜನರಲ್ ತಿಮ್ಮಯ್ಯ ಬಾಲ್ಯ ಕಳೆದ 'ಸನ್ನಿ ಸೈಡ್' ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾದ ಊರಿದು. ಅಂಥ ಚಿತ್ರವಿಲ್ಲದ ಕೊಡವ ಮನೆ ಸಿಗುವುದೇ ಅಪರೂಪ.

ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಮೆನು ಕಾರ್ಡಿತ್ತು. ಪಂದಿ ಕರಿ, ಕೋಳಿ ಕರಿ, ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ. ವರ್ಷವಿಡೀ ಅದೇ ಕಾರ್ಡು. "ಕಾರ್ಡಿನಲ್ಲಿ ಇಲ್ಲದ್ದು ಏನಾದರೂ ಉಂಟಾ ಅಮ್ಮ?" ಎಂದು ಕೇಳಿದಾಗ ಅವರ ಮುಖ ಅರಳಿತು. "ತೆರ್ಮೆ ಉಂಟು, ಕಣಿಲೆ ಉಂಟು. ಕುಮ್ಮ್ ಸ್ವಲ್ಪ ಬಂದಿತ್ತು, ಬೆಳಿಗ್ಗೆಯೇ ಮುಗೀತು. ನೀವು ತಿನ್ನುವವರಾದರೆ ಮಾಡಿಕೊಡ್ತೇನೆ. ಟೂರಿಸ್ಟುಗಳು ಕೇಳೋದಿಲ್ಲ ನೋಡಿ, ಅದಕ್ಕೆ ಬರೆದಿಲ್ಲ." ಕುಮ್ಮ್ ಎಂದರೆ ಅಣಬೆ.

ಅಡುಗೆಮನೆಯೊಳಗೆ ಬಿಟ್ಟರು. ಮೊದಲು ಕಂಡದ್ದು ಹಬೆ. ಕೊಡವರ ಅಕ್ಕಿಯ ತಿನಿಸುಗಳು ಬಹುಪಾಲು ಹಬೆಯಲ್ಲೇ ಬೇಯುವಂಥವು. ಇಲ್ಲಿನ ಕಣಿವೆಯ ಗದ್ದೆಗಳಲ್ಲಿ ವರ್ಷಕ್ಕೆ ಒಂದೇ ಬೆಳೆ, ಅದು ಭತ್ತ. ಹಾಗಾಗಿ ಬೆಳಗಿನ ತಿಂಡಿಗೂ ರಾತ್ರಿಯೂಟಕ್ಕೂ ಅಕ್ಕಿಯೇ, ರೂಪ ಮಾತ್ರ ಬೇರೆ. ಅಕ್ಕಿಯನ್ನು ತರಿಯಾಗಿ ಒಡೆದು, ಉಪ್ಪು ಹಾಕಿದ ಕುದಿನೀರಿನಲ್ಲಿ ಗಟ್ಟಿಯಾಗುವ ತನಕ ಮಗುಚಿ, ಕೈ ಸುಡುವ ಬಿಸಿಯಲ್ಲೇ ಉಂಡೆ ಕಟ್ಟಿ ಮತ್ತೆ ಹಬೆಗಿಟ್ಟರೆ ಕಡಂಬುಟ್ಟು. ನಿಂಬೆಗಿಂತ ದೊಡ್ಡದು, ಕಿತ್ತಳೆಗಿಂತ ಸಣ್ಣದು. ಅದೇ ತರಿಗೆ ಹಾಲು, ತೆಂಗಿನತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ಬೇಯಿಸಿದ ಹಿಟ್ಟನ್ನು ಶ್ಯಾವಿಗೆ ಒರಳಿನಲ್ಲಿ ಒತ್ತಿದರೆ ನೂಪುಟ್ಟು. ಅನ್ನವನ್ನೂ ಅಕ್ಕಿಹಿಟ್ಟನ್ನೂ ಸೇರಿಸಿ ನಾದಿ, ತೆಳುವಾಗಿ ಲಟ್ಟಿಸಿ, ಕಾವಲಿಯಿಂದ ಇಳಿಸಿ ಕೆಂಡದ ಮೇಲೆ ಉಬ್ಬಿಸಿದ್ದು ಅಕ್ಕಿ ಒಟ್ಟಿ. ಮೈಸೂರು ಸೀಮೆಯ ಅಕ್ಕಿರೊಟ್ಟಿಯ ಹಾಗೆ ಇದಕ್ಕೆ ಈರುಳ್ಳಿ, ಸಬ್ಬಸಿಗೆ ಏನೂ ಬೀಳುವುದಿಲ್ಲ. ಅನ್ನ ಸೇರುವುದರಿಂದ ಆರಿದರೂ ಮೆತ್ತಗೆ ಇರುತ್ತದೆ.

ಒಲೆಯ ಇನ್ನೊಂದು ಬದಿಯಲ್ಲಿ ಪಂದಿ ಕರಿ ಕುದಿಯುತ್ತಿತ್ತು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಸರು ಮಾಡಿದ ಅಡುಗೆಗೆ ಆಗುವ ಅನ್ಯಾಯ ಇದಕ್ಕೂ ಆಗಿದೆ: ಎಲ್ಲೆಡೆ ಸಿಗುತ್ತದೆ, ಸರಿಯಾಗಿ ಸಿಗುವುದು ಕೆಲವೇ ಕಡೆ.

ಮಾಂಸವನ್ನು ಕೊಬ್ಬು, ಚರ್ಮದ ಸಮೇತ ಹೆಚ್ಚುತ್ತಾರೆ. ಕೊಬ್ಬು ತೆಗೆದು ಕೊಡಿ ಎಂದು ಕೇಳುವ ಗ್ರಾಹಕರು ಇದ್ದಾರಂತೆ. ತೆಗೆದರೆ ಅದು ಈ ಕರಿಯೇ ಅಲ್ಲ, ಏಕೆಂದರೆ ಬೇರೆ ಎಣ್ಣೆ ಇದಕ್ಕೆ ಹೆಚ್ಚು ಬೀಳುವುದಿಲ್ಲ, ಮಾಂಸ ಬೇಯುವುದು ಅದರದೇ ಕೊಬ್ಬಿನಲ್ಲಿ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಜಜ್ಜಿ ಸೇರಿಸುತ್ತಾರೆ. ಕೆಲವರು ಪರಂಗಿ ಮಾಲು ಎಂಬ ಸೂಜಿಯಂಥ ಸಣ್ಣ ಮೆಣಸನ್ನೇ ಹಾಕುತ್ತಾರೆ. ತೆಂಗಿನಕಾಯಿ ಇಲ್ಲ. ಬಣ್ಣ ಬರುವುದು ಹುರಿದ ಮಸಾಲೆಯಿಂದ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯ ಇವನ್ನು ಎಣ್ಣೆಯಿಲ್ಲದೆ ಬಾಣಲೆಯಲ್ಲಿ ಹುರಿಯುತ್ತಾರೆ. ಕೆಂಪಾದಾಗ ಇಳಿಸಬಾರದು, ಕಾಫಿ ಬೀಜದ ಬಣ್ಣ ಬರಬೇಕು. ಅಲ್ಲಿಂದ ಅರ್ಧ ನಿಮಿಷ ಮೀರಿದರೆ ಕಹಿ. ಅಮ್ಮ ಗಡಿಯಾರ ನೋಡಲಿಲ್ಲ. ಹೊಗೆಯ ವಾಸನೆ ಬದಲಾದ ಕ್ಷಣಕ್ಕೆ ಬಾಣಲೆ ಎತ್ತಿದರು.

ಕೊನೆಗೆ ಬೀಳುವುದು ಕಾಚಂಪುಳಿ. ಒಂದು ಹಳೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಓರೆ ಮಾಡಿದರೆ ಕಪ್ಪು ರಸ ಗಾಜಿಗೆ ಅಂಟಿಕೊಂಡು ತಡವಾಗಿ ಇಳಿಯಿತು. ಘಟ್ಟದ ಕಾಡಿನಲ್ಲೂ ತೋಟದಲ್ಲೂ ಬೆಳೆಯುವ ಪಣಪುಳಿ ಮರದ ಹಣ್ಣಿನ ರಸ ಇದು. ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯಾ ಗಮ್ಮಿ-ಗುಟ್ಟ, ಉತ್ತರ ಕನ್ನಡದವರಿಗೆ ಉಪ್ಪಾಗೆ. ಹಣ್ಣಾಗುವುದು ಮಳೆಗಾಲದಲ್ಲೇ. ಕೇರಳದವರು ಅದರ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮೀನಿನ ಸಾರಿಗೆ ಬಳಸುತ್ತಾರೆ. ಕೊಡಗಿನವರು ಹಾದಿ ಬದಲಿಸಿದರು. ಹಣ್ಣನ್ನು ಬುಟ್ಟಿಯಲ್ಲಿ ತುಂಬಿ, ಕೊಳೆತು ಮೆತ್ತಗಾದಂತೆ ಕೆಳಗಿಟ್ಟ ಪಾತ್ರೆಗೆ ತೊಟ್ಟಿಕ್ಕುವ ರಸವನ್ನು ಹಿಡಿದು, ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಇಂಗಿಸುತ್ತಾರೆ. ಕೊಡಗಟ್ಟಲೆ ರಸ ಕುದಿದು ಉಳಿಯುವುದು ಒಂದೆರಡು ಬಾಟಲಿ. ಆದರೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಪಾತ್ರೆ ಕರಿಗೆ ಒಂದೆರಡು ಚಮಚ ಸಾಕು.

ಫ್ರಿಜ್ ಇಲ್ಲದ ಕಾಲದಲ್ಲಿ, ಬಿಸಿಲೇ ಕಾಣದ ತಿಂಗಳಲ್ಲಿ, ಈ ಹುಳಿಯೇ ಮಾಂಸವನ್ನು ಕಾಯುತ್ತಿತ್ತು. ಪಂದಿ ಕರಿ ಮರುದಿನ ಇನ್ನೂ ರುಚಿ ಎನ್ನುವುದು ಇಲ್ಲಿನವರ ಸಾಮಾನ್ಯ ಮಾತು. ಕುದಿಸಿ ಕುದಿಸಿ ಇಟ್ಟಷ್ಟೂ ಹುಳಿ, ಮಸಾಲೆ ಕೊಬ್ಬಿನೊಳಗೆ ಇಳಿಯುತ್ತದೆ. ಅದಕ್ಕೇ ಕಾಚಂಪುಳಿಯ ಜಾಗಕ್ಕೆ ಹುಣಸೆರಸವನ್ನೋ ಬಾಟಲಿಯ ವಿನೆಗರನ್ನೋ ಸುರಿದು, ಕಪ್ಪು ಬಣ್ಣಕ್ಕೆ ಬೇರೇನನ್ನೋ ಸೇರಿಸಿ 'ಕೂರ್ಗ್ ಪೋರ್ಕ್' ಎಂದು ಬಡಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಿನೆಗರಿನ ಹುಳಿ ನಾಲಿಗೆಯ ತುದಿಯಲ್ಲೇ ಚುಚ್ಚಿ ಹೋಗುತ್ತದೆ. ಕಾಚಂಪುಳಿಯದು ಮಾಂಸ ನುಂಗಿದ ಮೇಲೆ, ಗಂಟಲ ಬಳಿ, ಹಣ್ಣಿನ ಘಮದೊಡನೆ ಬರುತ್ತದೆ. ಒಮ್ಮೆ ಗುರುತಾದರೆ ಮತ್ತೆ ಯಾರೂ ಮೋಸಗೊಳಿಸಲಾಗದು.

ಹಿಂದೆ ಪಂದಿ ಕರಿ ಕಾಡುಹಂದಿಯ ಅಡುಗೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಗೆ ಅವಕಾಶವಿಲ್ಲ. ಈಗ ಎಲ್ಲವೂ ಸಾಕಿದ ಹಂದಿಯದು. ಒಲೆಯ ಮೇಲೆ ಕಟ್ಟಿ ಹೊಗೆಯಲ್ಲಿ ಒಣಗಿಸುವ ಒಣಕ್ ಎರ್ಚಿ ಕೂಡ ಮಳೆಗಾಲಕ್ಕೆಂದೇ ಕೂಡಿಡುತ್ತಿದ್ದ ಬುತ್ತಿ. ಗ್ಯಾಸ್ ಒಲೆ ಬಂದ ಮನೆಗಳಲ್ಲಿ ಅದಕ್ಕೆ ಹೊಗೆಯೇ ಇಲ್ಲ.

ತಟ್ಟೆ ಬಂತು. ಕಡಂಬುಟ್ಟನ್ನು ಮುರಿದು ಕರಿಯ ಗಟ್ಟಿ ರಸಕ್ಕೆ ಒತ್ತಿದರೆ ತರಿಯ ಸಂದುಗಳಲ್ಲೆಲ್ಲ ಕೊಬ್ಬು ಇಳಿಯುತ್ತದೆ. ಈ ಜೋಡಿಯ ಬಗ್ಗೆ ಹೊಗಳಿಕೆ ಸಾಕಷ್ಟಾಗಿದೆ, ಎಲ್ಲವೂ ನಿಜ. ನನ್ನ ಕೈ ಮಾತ್ರ ಪಕ್ಕದ ಬಟ್ಟಲಿಗೇ ಹೋಗುತ್ತಿತ್ತು. ತೆರ್ಮೆಯನ್ನು ಬೆರಳುದ್ದ ಮುರಿದು, ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಯಲ್ಲಿ ಬಾಡಿಸಿ, ಕೊನೆಗೆ ಎರಡು ಹನಿ ನಿಂಬೆ. ಕಚ್ಚಿದರೆ ಹುರುಳಿಕಾಯಿಗಿಂತ ಮೃದು, ಸ್ವಲ್ಪ ಲೋಳೆ, ಹಳ್ಳದ ದಂಡೆಯ ಹಸಿರು ವಾಸನೆ. ಬೈಂಬಳೆ ಕರಿಗೆ, ಅಂದರೆ ಕಣಿಲೆಯ ಕರಿಗೆ, ತೆಂಗಿನಕಾಯಿ ಅರೆದು ಹಾಕಿದ್ದರು. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ, ಹಸಿಯಾಗಿ ತಿನ್ನುವಂತಿಲ್ಲ. ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಕುದಿಸಿ ಬಸಿದ ಮೇಲೆಯೇ ಅದು ಅಡುಗೆಗೆ ಬರುವುದು. ಸಂತೆಯ ಬಕೆಟ್ಟಿನ ನೀರಿಗೆ ಇದೇ ಕಾರಣ. ಕಾಡಿನ ಬಿದಿರಿಗೆ ಕೈ ಹಾಕಲು ಅರಣ್ಯ ಕಾನೂನು ಬಿಡುವುದಿಲ್ಲ. ಇವರಿಗೆ ಬರುವುದು ತೋಟದ ಅಂಚಿನ ಸ್ವಂತ ಮೆಳೆಯಿಂದ.

"ಏಡಿ ಇಲ್ಲವಾ?" ಎಂದು ನನ್ನ ಪಕ್ಕದ ಮೇಜಿನ ಹಿರಿಯರೊಬ್ಬರು ಕೇಳಿದರು. ಬಡಿಸುವ ಹುಡುಗ "ಇಲ್ಲ ಅಂಕಲ್, ಈ ವಾರ ಯಾರೂ ತರಲಿಲ್ಲ" ಎಂದ. ಗದ್ದೆಯ ಏಡಿ, ಕೊಯ್ಲೆ ಮೀನು ಇವೆರಡೂ ಕಕ್ಕಡದ ತಟ್ಟೆಯ ಹಕ್ಕುದಾರರು. ಭತ್ತದ ಗದ್ದೆಗಳು ಶುಂಠಿಗೆ, ಕಾಫಿಗೆ, ಮನೆ ನಿವೇಶನಕ್ಕೆ ತಿರುಗಿದಲ್ಲೆಲ್ಲ ಅವು ನಿಂತ ನೀರಿನೊಡನೆ ಹೋಗಿಬಿಟ್ಟವು. ಉಳಿದ ಗದ್ದೆಗಳಿಗೆ ಕೀಟನಾಶಕ ಬೀಳುತ್ತದೆ. ಆ ಹಿರಿಯರು ಮರುಮಾತಾಡದೆ ಕೋಳಿ ಕರಿ ತರಿಸಿಕೊಂಡರು. ಒಂದು ಅಡುಗೆ ಮರೆತುಹೋಗುವುದಕ್ಕೆ ಪಾಕವಿಧಾನ ಕಳೆದುಹೋಗಬೇಕಾಗಿಲ್ಲ, ಗದ್ದೆ ಹೋದರೆ ಸಾಕು.

ಊಟದ ನಡುವೆ ನನಗೆ ಜಪಾನ್ ನೆನಪಾಗಲು ಕಾರಣ ತೆರ್ಮೆ. ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ 1997ರಲ್ಲಿ ಸ್ಥಾಪನೆಯಾದ ನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಜಪಾನಿ ಕುಟುಂಬಗಳೂ ಅವರ ಊಟದ ಮನೆಗಳೂ ಹೆಚ್ಚಾದವು. ರೆಸಿಡೆನ್ಸಿ ರಸ್ತೆಯ ಹರಿಮಾ ಅಂಥವುಗಳಲ್ಲಿ ಒಂದು. ನಮ್ಮವರು ಅಲ್ಲಿಗೆ ಹೋಗುವುದು ಸುಶಿಗಾಗಿ. ಆದರೆ ಜಪಾನಿನ ಗುಡ್ಡಗಾಡಿನ ಊಟ ಮೀನಿನಾಚೆಗೆ ಬಹಳ ಇದೆ. ಅಲ್ಲಿ ಹಿಮ ಕರಗಿದ ಮೇಲೆ ಕಾಡಿನಿಂದ ಬರುವ ಸೊಪ್ಪುಗಳಿಗೆ ಸಾನ್ಸಾಯ್ ಎನ್ನುತ್ತಾರೆ. ಅದರಲ್ಲಿ ವರಾಬಿ, ಝೆನ್‌ಮಾಯ್, ಕೊಗೊಮಿ ಮೂರೂ ಸುರುಳಿ ಬಿಚ್ಚದ ಜರೀಗಿಡಗಳೇ. ಅವರೂ ಎಳೆ ಬಿದಿರು ತಿನ್ನುತ್ತಾರೆ, ಅದರ ಒಗರು ತೆಗೆಯಲು ಅಕ್ಕಿಯ ತೌಡು ಹಾಕಿ ಕುದಿಸುತ್ತಾರೆ. ಕೆಸುವಿನ ಗೆಡ್ಡೆ ಅವರಿಗೂ ಮನೆಯ ಊಟ. ಉಪ್ಪಿನಲ್ಲಿ ಹಾಕಿದ ಹುಳಿ ಉಮೆ ಹಣ್ಣನ್ನು ಅನ್ನದ ಬುತ್ತಿಯ ನಡುವೆ ಇಡುವುದು ಅನ್ನ ಕೆಡದಿರಲೆಂದು. ಅಕ್ಕಿ, ಮಳೆ, ಬೆಟ್ಟ, ಹುಳಿ ಇರುವ ಕಡೆ ಮನುಷ್ಯರ ಬುದ್ಧಿ ಒಂದೇ ಹಾದಿ ಹಿಡಿಯಿತು.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಮುಂದಿನದು ನನಗೆ ಬೇಸರದ ವಿಷಯ. ಜಪಾನಿನಲ್ಲಿ ಒಳ್ಳೆಯ ಊಟದ ಮನೆ ತನ್ನ ಮರ್ಯಾದೆಯನ್ನು ಅಳೆದುಕೊಳ್ಳುವುದೇ ಋತುವಿನ ಅಡುಗೆಯಿಂದ. ಬಿದಿರಿನ ಕಾಲ ಬಂತೆಂದರೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆದು ಹಾಕುತ್ತಾರೆ. 2013ರಲ್ಲಿ ಯುನೆಸ್ಕೊ ಜಪಾನಿನ ವಾಶೊಕು ಊಟಪದ್ಧತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಎತ್ತಿ ಹೇಳಿದ್ದೂ ಪ್ರಕೃತಿಯ ಬಗೆಗಿನ ಆ ಗೌರವವನ್ನೇ. ನಮ್ಮಲ್ಲಿ ತೆರ್ಮೆ ಮೆನು ಕಾರ್ಡಿನ ಹೊರಗೆ ನಿಂತಿದೆ, ಕೇಳಿದವರಿಗೆ ಮಾತ್ರ. ಡಿಸೆಂಬರಿನಲ್ಲಿ ಬಂದವರಿಗೂ ಜುಲೈಯಲ್ಲಿ ಬಂದವರಿಗೂ ಅದೇ ಎರಡು ಕರಿ, ಅದೇ ಎರಡು ಪುಟ್ಟು. ಬಾಗಿಲಲ್ಲಿ ಒಂದು ಕರಿಹಲಗೆ ತೂಗುಹಾಕಿ 'ಇಂದು ಕಣಿಲೆ, ಇಂದು ಕುಮ್ಮ್' ಎಂದು ಸೀಮೆಸುಣ್ಣದಲ್ಲಿ ಬರೆದರೆ ಸಾಕು, ಸಂತೆಯ ಅಂಚಿನ ಹೆಂಗಸರಿಗೂ ಒಂದು ಗಿರಾಕಿ ಖಾತ್ರಿಯಾಗುತ್ತದೆ. ಅಮ್ಮನಿಗೆ ಇದನ್ನೇ ಹೇಳಿದೆ. "ಬರೀಬಹುದು" ಎಂದರು, "ಬರೆದ ಮೇಲೆ ತೀರಿಹೋದರೆ ಬಯ್ಯಬಾರದು ಅಷ್ಟೆ."

ಕುಡಿಯಲು ಏನಿದೆ? ಲೈಸೆನ್ಸ್ ಇಲ್ಲದ ಊಟದ ಮನೆಯಾದ್ದರಿಂದ ಮದ್ಯವಿಲ್ಲ. ಕೊಡವ ಮನೆಯ ಹಬ್ಬದಲ್ಲಾದರೆ ಮಾಂಸದ ಜೊತೆ ಮದ್ಯಕ್ಕೂ ಜಾಗವಿದೆ. ಅಗಲಿದ ಹಿರಿಯರಿಗೆ ಮೀದಿ, ಅಂದರೆ ಎಡೆ, ಇಡುವಾಗಲೂ ಎರಡನ್ನೂ ಇಡುತ್ತಾರೆ. ಬೈನೆ ಮರದ ಕಳ್ಳು ಹಳೆಯ ತಲೆಮಾರಿನದು, ಅದರ ಜಾಗಕ್ಕೆ ಸೇನೆಯ ಕ್ಯಾಂಟೀನಿನ ರಮ್ ಬಂದು ಬಹಳ ಕಾಲವಾಯಿತು. ಪೇಟೆಯ ಅಂಗಡಿಗಳಲ್ಲಿ ಸಾಲಾಗಿ ನಿಲ್ಲಿಸಿರುವ ದ್ರಾಕ್ಷಿ, ನೆಲ್ಲಿ, ಶುಂಠಿ, ವೀಳ್ಯದೆಲೆಯ 'ಹೋಮ್‌ಮೇಡ್ ವೈನ್' ಬಹುಪಾಲು ಸಕ್ಕರೆಯ ಪಾನಕವೇ, ಅವುಗಳ ಮೇಲೆ ನನಗೆ ಅಷ್ಟು ಒಲವಿಲ್ಲ.

ಇಲ್ಲಿ ತಂದುಕೊಟ್ಟದ್ದು ಪ್ಯಾಶನ್ ಫ್ರೂಟ್ ರಸ. ಕೊಡಗಿನ ಬೇಲಿಗಳಲ್ಲಿ ಬಳ್ಳಿಯಾಗಿ ಹಬ್ಬುವ ಹಣ್ಣು. ನೇರಳೆ, ಹಳದಿ ತಳಿಗಳನ್ನು ಕೂಡಿಸಿದ 'ಕಾವೇರಿ' ಎಂಬ ಮಿಶ್ರತಳಿ ಬಂದದ್ದು ಇಲ್ಲೇ ಹತ್ತಿರದ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ. ಬೀಜ ಸೋಸದೆ ಕೊಟ್ಟಿದ್ದರು, ಹಾಗೇ ಕೊಡಬೇಕು. ಆ ಬೀಜ ಹಲ್ಲಿಗೆ ಸಿಕ್ಕಿ ಕಟುಂ ಎನ್ನುವುದೇ ಅದರ ಸುಖ. ಪಂದಿ ಕರಿಯ ಕೊಬ್ಬು ಅಂಟಿದ ಬಾಯಿಗೆ ಇದಕ್ಕಿಂತ ಒಳ್ಳೆಯ ಪಾನೀಯ ನಾನು ಕಂಡಿಲ್ಲ.

ಕೊನೆಗೆ ಕಾಫಿ. ಫೌಲರ್ ಎಂಬ ಯುರೋಪಿಯನ್ 1854ರಲ್ಲಿ ಮಡಿಕೇರಿಯಲ್ಲಿ ತೋಟ ಹಾಕಿದ ಮೇಲೆ ಈ ಜಿಲ್ಲೆಯ ಗುಡ್ಡಗಳ ಚಹರೆಯೇ ಬದಲಾಯಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈಗ ಕೊಡಗಿನದು, ಅದರಲ್ಲೂ ಹೆಚ್ಚು ರೊಬಸ್ಟಾ. ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಆದರೆ ಬೆಳೆಯುವವರ ಮನೆಯ ಕಾಫಿ ಬೆಂಗಳೂರಿನ ಕೆಫೆಗಳ ಕಾಫಿಯಂತಲ್ಲ. ಬೆಲ್ಲ ಕರಗಿಸಿದ ಕುದಿನೀರಿಗೆ ಪುಡಿ ಹಾಕಿ ಇಳಿಸಿ, ಪುಡಿ ತಳಕ್ಕಿಳಿದ ಮೇಲೆ ಬಸಿದು ಕೊಡುವ ಕರಿ ಕಾಫಿ. ಹಾಲಿಲ್ಲ, ಡಿಕಾಕ್ಷನ್ನಿನ ದಪ್ಪವಿಲ್ಲ, ಲೋಟದ ತಳ ಕಾಣುವಷ್ಟು ತೆಳು. ಮೊದಲ ಗುಟುಕಿಗೆ ಇದು ಕಾಫಿಯೇ ಅಲ್ಲ ಅನ್ನಿಸಬಹುದು. ಬೆಳಿಗ್ಗೆಯಿಂದ ಮಳೆಯಲ್ಲಿ ನಾಟಿ ಹಾಕುವವರು ದಿನಕ್ಕೆ ಹಲವು ಸಲ ಕುಡಿಯುತ್ತಿದ್ದ ಪಾನೀಯವಿದು, ಗಾಢವಾಗಿದ್ದರೆ ಅಷ್ಟು ಕುಡಿಯಲಾಗದು. ಜೊತೆಗೆ ಅಕ್ಕಿ ಒಟ್ಟಿಯ ಮೇಲೆ ಜೇನು ಸುರಿದು ಕೊಟ್ಟರು. ಸಿಹಿ ತಿಂಡಿ ಬೇರೆ ಬೇಕಿರಲಿಲ್ಲ.

ಹೋಗುವವರಿಗೆ ಒಂದಿಷ್ಟು ಕಾಲಸೂಚಿ. ಕಕ್ಕಡದ ಹದಿನೆಂಟನೆಯ ದಿನ ಆಗಸ್ಟ್ 3ಕ್ಕೆ ಬರುತ್ತದೆ. ಮದ್ದು ಸೊಪ್ಪಿಗೆ ಅಂದು ಹದಿನೆಂಟು ಬಗೆಯ ಔಷಧಗುಣ ಸೇರಿರುತ್ತದೆ ಎಂಬ ನಂಬಿಕೆ. ಜಸ್ಟಿಸಿಯಾ ವೈನಾಡೆನ್ಸಿಸ್ ಎಂಬ ಈ ಗಿಡದ ಎಲೆ, ಕಾಂಡ ಕುದಿಸಿದರೆ ನೀರು ಕಡುನೇರಳೆಯಾಗುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿತುರಿ ಹಾಕಿದ್ದು ಮದ್ದು ಪಾಯಸ. ತುಪ್ಪ, ಜೇನು ಬೆರೆಸಿ ತಿನ್ನಬೇಕು. ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಸೊಪ್ಪಿನದೇ ಬಣ್ಣ. ಬೇಸಿಗೆಯಲ್ಲಿ ಬರುವವರು ಕಾಡುಮಾವಿನ ಕರಿ ಕೇಳಲಿ, ಹಲಸು ಹಣ್ಣಾದಾಗ ಬರುವವರು ಎಲೆಯಲ್ಲಿ ಸುತ್ತಿ ಬೇಯಿಸಿದ ಕೂವಲೆ ಪುಟ್ಟು. ನವೆಂಬರ್ ಕೊನೆ, ಡಿಸೆಂಬರಿನ ಹುತ್ತರಿ ಹೊತ್ತಿಗೆ ಬಾಳೆಹಣ್ಣಿಗೆ ಹುರಿದ ಅಕ್ಕಿಹಿಟ್ಟು ಕಲಸಿದ ತಂಬುಟ್ಟು. ಇವು ಯಾವುದೂ ಕಾರ್ಡಿನಲ್ಲಿ ಇರುವುದಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ಹೇಳಿಟ್ಟರೆ ಇಂಥ ಸಣ್ಣ ಮನೆಗಳವರು ಇಲ್ಲ ಎನ್ನುವುದಿಲ್ಲ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ದಿನ ಮಾತ್ರ ಅಮ್ಮನ ಅಡುಗೆಮನೆಗೆ ರಜೆ. ನಾಟಿ ಮುಗಿದು ಕೋವಿ, ಕತ್ತಿಗಳಿಗೆ ಪೂಜೆ ಮಾಡುವ ಆ ದಿನ ಪ್ರತಿ ಮನೆಯಲ್ಲೂ ಪಂದಿ ಕರಿ, ಕಡಂಬುಟ್ಟು ಆಗುತ್ತದೆ, ಕೆಲಸದವರೂ ತಮ್ಮ ತಮ್ಮ ಮನೆಗೆ ಹೋಗಿರುತ್ತಾರೆ. ಅಂದು ಕೊಡಗಿನಲ್ಲಿರುವವರು ಹೋಟೆಲ್ ಹುಡುಕುವುದು ಬಿಟ್ಟು ಪರಿಚಯದ ಮನೆಯೊಂದರ ಕರೆ ಸಂಪಾದಿಸಿಕೊಳ್ಳುವುದು ಒಳ್ಳೆಯದು.